ಹಿತ್ತಿಲಿನ ಎರಡು ಬೊಗಸೆ ಕೆಂಪು ಕರಂಟ್



ಯೂರೋಪು ಖಂಡದ ಉತ್ತರಭಾಗದ ದೇಶಗಳಲ್ಲಿ ಜುಲೈ ತಿಂಗಳು ಬಂದಿತೆಂದರೆ, ಸಾಧಾರಣ ಗೃಹಸ್ಥರ ಹಿತ್ತಿಲುಗಳಲ್ಲಿ, ಸಾಮಾನ್ಯವಾಗಿ ಮನುಷ್ಯನ ಎದೆಯ ಎತ್ತರಕ್ಕೆ ಬೆಳೆಯುವ ಪೊದೆಯೊಂದು, ತನ್ನ ಎಲೆಗಳ ಮರೆಯಲ್ಲಿ ಗೊಂಚಲು ಗೊಂಚಲಾಗಿ ಕೆಂಪು ಹಣ್ಣನ್ನು ಇಳಿಬಿಟ್ಟುಕೊಂಡು ನಿಂತಿರುವುದು ಕಾಣಬರುತ್ತದೆ. ಹಣ್ಣು ಬಹು ಚಿಕ್ಕದು. ಅಡ್ಡಳತೆಯಲ್ಲಿ 8ರಿಂದ 12 ಮಿಲಿಮೀಟರು. ಅದರ ಸಿಪ್ಪೆ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದು ನೋಡಿದಾಗ ಒಳಗಿನ ಬೀಜಗಳನ್ನು ಎಣಿಸಬಹುದು. ಇಂಗ್ಲಿಷರು ಇದನ್ನು ರೆಡ್ ಕರಂಟ್ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರೈಬಿಸ್ ರೂಬ್ರಮ್. ನಮ್ಮ ದಿನಸಿ ಅಂಗಡಿಗಳಲ್ಲಿ ಕೇಕಿಗೆಂದು ಮಾರುವ, ಒಣಗಿದ, ಕಪ್ಪಾದ ಕರಂಟ್ ದ್ರಾಕ್ಷಿಯ ಜಾತಿಯದು. ಅದಕ್ಕೂ ಈ ಹಣ್ಣಿಗೂ ಯಾವ ನಂಟೂ ಇಲ್ಲ.

ಈ ಗಿಡಕ್ಕೆ ದೀರ್ಘವಾದ ಚಳಿಗಾಲ ಬೇಕು. ಎಷ್ಟೋ ವಾರಗಳ ಕಾಲ ಶೀತವನ್ನು ಉಂಡಲ್ಲದೆ ಅದರ ಮೊಗ್ಗುಗಳು ಒಡೆಯವಾದುದರಿಂದ ಕೊಡಗಿನ ಬೆಟ್ಟಗಳಲ್ಲಿಯೂ ಅದು ನಮಗೆ ದಕ್ಕುವುದಲ್ಲ. ಹೀಗಿರಲು ಕನ್ನಡದ ಬಾನುಲಿಯಲ್ಲಿ ಅದರ ಮಾತೇಕೆಂದು ತಾವು ಕೇಳಬಹುದು. ನಮ್ಮ ನಾಡಿನಿಂದ ಹೋಗಿ ಇಂಗ್ಲೆಂಡಿನಲ್ಲಿಯೋ ಜರ್ಮನಿಯಲ್ಲಿಯೋ ಸ್ವೀಡನ್ನಿನಲ್ಲಿಯೋ ನೆಲಸಿರುವ ಸಂಸಾರಗಳು ಈಗ ವಿರಳವಲ್ಲ. ಅವರು ಬಾಡಿಗೆಗೆ ಹಿಡಿದ ಅಥವಾ ಕ್ರಯಕ್ಕೆ ಕೊಂಡ ಮನೆಯ ಹಿತ್ತಿಲಿನಲ್ಲಿ, ಹಿಂದಿದ್ದವರು ನೆಟ್ಟುಹೋದ ಒಂದು ಕರಂಟ್ ಪೊದೆ ಅನೇಕ ವೇಳೆ ಇರುತ್ತದೆ. ಹಣ್ಣು ಕೆಂಪಾದಾಗ ಮನೆಯವರು ಸಂಭ್ರಮದಿಂದ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಅದರ ಹುಳಿಗೆ ಮುಖ ಕಿವಿಚುತ್ತಾರೆ, ಉಳಿದುದನ್ನು ಹಕ್ಕಿಗಳ ಪಾಲಿಗೆ ಬಿಟ್ಟು ಒಳಗೆ ಹೋಗುತ್ತಾರೆ. ಚೆನ್ನಾಗಿ ಬೇರೂರಿ ಬಲಿತ ಪೊದೆ ಬಿಸಿಲಿನಲ್ಲಿದ್ದರೆ ನಾಲ್ಕು ಕಿಲೋಗ್ರಾಮಿನಷ್ಟು ಹಣ್ಣನ್ನು ಕೊಡಬಲ್ಲದು. ಆದರೆ ಎಳೆಯ ಗಿಡ, ಗೋಡೆಯ ನೆರಳಿನ ಗಿಡ, ಹಕ್ಕಿಗಳೊಡನೆ ಹಂಚಿಕೊಂಡ ಗಿಡ ಇವುಗಳಿಂದ ಅರ್ಧ ಕಿಲೋ ದೊರೆತರೆ ಅದೇ ಬಹಳ. ತಿನ್ನುವುದಕ್ಕೆ ಹುಳಿ, ಶೇಖರಿಸುವುದಕ್ಕೆ ಅಲ್ಪ, ಎಸೆಯುವುದಕ್ಕೆ ಮನಸ್ಸು ಬಾರದು. ಈ ಅಲ್ಪ ಫಲವನ್ನು ಯಾವ ಯಾವ ವಿಧದಲ್ಲಿ ಸದ್ವಿನಿಯೋಗ ಮಾಡಬಹುದೆಂಬುದೇ ಇಂದಿನ ನನ್ನ ವಿಷಯ. ಫಲ ಅಲ್ಪವಾಗಿರುವುದು ಈ ಹಣ್ಣಿನ ಮಟ್ಟಿಗೆ ಕೊರತೆಯಲ್ಲ, ಅನುಕೂಲವೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಕೊಯ್ಲಿನ ಮಾತು. ಗೊಂಚಲಿನಲ್ಲಿ ತೊಟ್ಟಿನ ಕಡೆಯ ಹಣ್ಣು ಮುಂಚೆ ಮಾಗುತ್ತದೆ, ತುದಿಯ ಹಣ್ಣು ಕಡೆಗೆ ಮಾಗುತ್ತದೆ. ಹಕ್ಕಿಗಳು ಈ ಪರಿಪಾಕವನ್ನು ನಮಗಿಂತ ಚೆನ್ನಾಗಿ ಬಲ್ಲವು. ಬಣ್ಣ ತಿರುಗುವ ಮೊದಲೇ ಬಲೆಯನ್ನು ಹೊದಿಸದಿದ್ದರೆ ಕೊಯ್ಯುವುದಕ್ಕೆ ಏನೂ ಉಳಿಯದು. ಮಳೆ ನಿಂತು, ಇಬ್ಬನಿ ಆರಿದ ಒಣ ಹಗಲಿನಲ್ಲಿ ಕೊಯ್ಯಬೇಕು. ನೆನೆದ ಹಣ್ಣು ಬೇಗನೆ ಬೂಷ್ಟು ಹಿಡಿಯುವುದಲ್ಲದೆ ಅದರ ರಸವೂ ತೆಳುವಾಗುತ್ತದೆ. ಒಂದೊಂದೇ ಕಾಳನ್ನು ಕೀಳಹೋದರೆ ಸಿಪ್ಪೆ ಹರಿದು ಕೈಯೆಲ್ಲ ರಸವಾಗುವುದರಿಂದ ಇಡೀ ಗೊಂಚಲನ್ನೇ ಕತ್ತರಿಯಿಂದ ಕತ್ತರಿಸಿಕೊಳ್ಳುವುದು ಜಾಣತನ. ಗೊಂಚಲಿರುವಂತೆಯೇ ತಣ್ಣೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, ಆಮೇಲೆ ಊಟದ ಫೋರ್ಕಿನ ಹಲ್ಲುಗಳ ನಡುವೆ ಗೊಂಚಲಿನ ಕಾಂಡವನ್ನು ಸಿಕ್ಕಿಸಿ ಮೇಲಿನಿಂದ ಕೆಳಕ್ಕೆ ಮೆಲ್ಲನೆ ಎಳೆದರೆ ಕಾಳುಗಳು ತಾವಾಗಿಯೇ ಪಾತ್ರೆಗೆ ಉದುರುತ್ತವೆ. ಆ ದೇಶಗಳ ಮುತ್ತಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಹೀಗೆಯೇ ಬಿಡಿಸುತ್ತಾರೆ. ಇದಕ್ಕಿಂತ ಉತ್ತಮವಾದ ಉಪಾಯವನ್ನು ನಾನು ಕಂಡಿಲ್ಲ.

ಇನ್ನು ಹಣ್ಣಿನ ಸ್ವಭಾವವನ್ನು ತಿಳಿಯಬೇಕು; ಏಕೆಂದರೆ ಅದರ ಎಲ್ಲ ಉಪಯೋಗಗಳೂ ಆ ಸ್ವಭಾವದಿಂದಲೇ ಹುಟ್ಟಿದುವು. ಕೆಂಪು ಕರಂಟಿನಲ್ಲಿ ಎರಡು ಗುಣಗಳು ಪ್ರಬಲವಾಗಿವೆ. ಒಂದು ಆಮ್ಲ, ಮುಖ್ಯವಾಗಿ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ; ಇನ್ನೊಂದು ಪೆಕ್ಟಿನ್ ಎಂಬ ದ್ರವ್ಯ. ಸಸ್ಯಗಳ ಜೀವಕೋಶಗಳ ಭಿತ್ತಿಗಳನ್ನು ಪರಸ್ಪರ ಅಂಟಿಸಿ ಹಿಡಿದಿರುವ ಈ ಪೆಕ್ಟಿನ್ನು ಬಿಸಿನೀರಿನಲ್ಲಿ ಕರಗಿ ರಸಕ್ಕೆ ಇಳಿಯುತ್ತದೆ. ಆ ರಸದಲ್ಲಿ ಹುಳಿ ಸಾಕಷ್ಟಿದ್ದು, ಸಕ್ಕರೆಯ ಅಂಶ ನೂರಕ್ಕೆ 60ರಿಂದ 65ರಷ್ಟಾದಾಗ, ಆರುವ ಹೊತ್ತಿಗೆ ರಸವೆಲ್ಲ ಹೆಪ್ಪುಗಟ್ಟಿ ನಿಲ್ಲುತ್ತದೆ. ಜೆಲ್ಲಿಯ ರಹಸ್ಯವೆಲ್ಲ ಇಷ್ಟೆ. ಈ ವಸ್ತುವಿನ ಶೋಧನೆಯ ಚರಿತ್ರೆಯಲ್ಲಿ ನಮ್ಮ ಅಡಿಗೆಮನೆಗೂ ಒಂದು ಪಾತ್ರವುಂಟು: ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕೆಲಿನ್ 1790ರಲ್ಲಿ ಇದನ್ನು ಮೊದಲು ಗುರುತಿಸಿದುದು ಹುಣಸೆಹಣ್ಣಿನಲ್ಲಿ. ಮುಂದೆ 1825ರಲ್ಲಿ ಅದೇ ದೇಶದ ಬ್ರಾಕೊನೋ ಅದನ್ನು ಇನ್ನಷ್ಟು ಪರಿಶೀಲಿಸಿ, ಈಗ ಬಳಕೆಯಲ್ಲಿರುವ ಹೆಸರಿಗೆ ಮೂಲವನ್ನು ಹಾಕಿದನು. ಸ್ಟ್ರಾಬೆರಿ, ಚೆರಿ, ರಾಸ್ಪ್‌ಬೆರಿಗಳಂಥ ಸಿಹಿ ಹಣ್ಣುಗಳಲ್ಲಿ ಪೆಕ್ಟಿನ್ ಕಡಮೆ. ಕೆಂಪು ಕರಂಟಿನಲ್ಲಿ ಅದು ಧಾರಾಳ. ಹಣ್ಣು ಅತಿಯಾಗಿ ಕಳಿತಷ್ಟೂ ಈ ಶಕ್ತಿ ಕುಂದುತ್ತಾ ಹೋಗುವುದರಿಂದ, ಕೊಯ್ಯುವಾಗ ಅಲ್ಲೊಂದು ಇಲ್ಲೊಂದು ಅರೆಗೆಂಪಿನ ಗೊಂಚಲನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಜೆಲ್ಲಿಯೇ ಈ ಹಣ್ಣಿನ ಸುಪ್ರಸಿದ್ಧ ಪರಿಣಾಮ. ಇಂಗ್ಲೆಂಡಿನಲ್ಲಿ ಬೇಯಿಸಿದ ಕುರಿಯ ಮಾಂಸದೊಡನೆಯೂ, ಜಿಂಕೆ ಮೊಲಗಳ ಮಾಂಸದೊಡನೆಯೂ ಒಂದು ಚಮಚ ಕೆಂಪು ಕರಂಟ್ ಜೆಲ್ಲಿಯನ್ನು ಬಡಿಸುವುದು ತಲೆಮಾರುಗಳಿಂದ ಬಂದ ಪದ್ಧತಿ. ಕಿತ್ತಿಳೆಯ ಸಿಪ್ಪೆ, ಸಾಸಿವೆ, ಪೋರ್ಟ್ ಮದ್ಯಗಳನ್ನು ಕೂಡಿಸಿ ಮಾಡುವ ಕಂಬರ್ಲೆಂಡ್ ಸಾಸಿಗೂ ಅದೇ ಆಧಾರ. ಶಾಕಾಹಾರಿಗಳಾದ ನಮ್ಮವರಿಗೆ ಬೆಣ್ಣೆ ಸವರಿದ ರೊಟ್ಟಿಯಿದೆ, ಗಿಣ್ಣಿದೆ, ಬೆಳಗಿನ ದೋಸೆಯಿದೆ. ಜೆಲ್ಲಿಗೆ ಆಶ್ರಯದ ಅಭಾವವಿಲ್ಲ.

ಆದರೆ ಜೆಲ್ಲಿಯೆಂದೊಡನೆ ದೊಡ್ಡ ಹಂಡೆ, ಸಾಲು ಸಾಲು ಶೀಸೆಗಳು, ದಿನವಿಡೀ ದುಡಿಮೆ ಎಂಬ ಭಾವನೆ ಬೇರೂರಿದೆ. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ 1869ರಲ್ಲಿ ಪ್ರಕಟಿಸಿದ ‘ಲಿಟಲ್ ವಿಮೆನ್’ ಕಾದಂಬರಿಯ ಎರಡನೆಯ ಭಾಗದಲ್ಲಿ ಇದರ ಬಗ್ಗೆ ಮನಕ್ಕೆ ನಾಟುವ ಒಂದು ಪ್ರಸಂಗವಿದೆ. ಹೊಸದಾಗಿ ಸಂಸಾರ ಹೂಡಿದ ಮೆಗ್ ಎಂಬ ತರುಣಿ, ತನ್ನ ಹಿತ್ತಿಲಿನ ಕರಂಟ್ ಹಣ್ಣು ಮಾಗಿತೆಂದು, ಉಗ್ರಾಣವನ್ನು ಜೆಲ್ಲಿಯಿಂದ ತುಂಬಬೇಕೆಂಬ ಉತ್ಸಾಹದಲ್ಲಿ ನಾಲ್ಕು ಡಜನ್ ಚಿಕ್ಕ ಭರಣಿಗಳನ್ನೂ ಅರ್ಧ ಪೀಪಾಯಿ ಸಕ್ಕರೆಯನ್ನೂ ತರಿಸುತ್ತಾಳೆ. ಕೊಯ್ದಳು, ಕುದಿಸಿದಳು, ಸೋಸಿದಳು. ಗಟ್ಟಿಯಾಗದಿರಲು ಮತ್ತೆ ಸಕ್ಕರೆ ಹಾಕಿ ಮತ್ತೆ ಕುದಿಸಿದಳು, ಮತ್ತೆ ಸೋಸಿದಳು. ಸಂಜೆ ಐದು ಗಂಟೆಯಾದರೂ ಅದು ನೀರಾಗಿಯೇ ಉಳಿಯಲು, ಅಸ್ತವ್ಯಸ್ತವಾದ ಅಡಿಗೆಮನೆಯಲ್ಲಿ ಕುಳಿತು ಕಣ್ಣೀರಿಟ್ಟಳು. ಅದೇ ಹೊತ್ತಿಗೆ ಗಂಡ ಮುನ್ಸೂಚನೆಯಿಲ್ಲದೆ ಮಿತ್ರನೊಬ್ಬನನ್ನು ಊಟಕ್ಕೆ ಕರೆತರುತ್ತಾನೆ. ಓದುಗರು ಇದನ್ನು ದಾಂಪತ್ಯದ ಕಥೆಯೆಂದು ಓದುವರು. ಅಡಿಗೆ ಬಲ್ಲವರಿಗೆ ಇದರಲ್ಲಿ ಒಂದು ವಸ್ತುಸ್ಥಿತಿಯೂ ಕಾಣುತ್ತದೆ. ಹೆಚ್ಚು ರಸವನ್ನು ಒಮ್ಮೆಗೇ ಒಲೆಗೇರಿಸಿದರೆ ಅದು ಹದಕ್ಕೆ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ; ಬಹಳ ಹೊತ್ತು ಕುದಿದರೆ ಹುಳಿಯ ನಡುವೆ ಪೆಕ್ಟಿನ್ ಒಡೆದುಹೋಗಿ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ; ಅನಂತರ ಮತ್ತೆ ಮತ್ತೆ ಕುದಿಸಿದಷ್ಟೂ ಕೇಡು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಸ್ವಲ್ಪ ರಸವಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಪಾಕಕ್ಕೆ ಬಂದು, ಬಣ್ಣವೂ ಪರಿಮಳವೂ ಕೆಡದೆ ನಿಲ್ಲುತ್ತದೆ. ಅರ್ಧ ಕಿಲೋ ಹಣ್ಣುಳ್ಳವಳು ಅರ್ಧ ಮಣ ಹಣ್ಣುಳ್ಳವಳಿಗಿಂತ ಭಾಗ್ಯವಂತಳೆಂದು ನಾನು ಹೇಳುವುದು ಈ ಕಾರಣದಿಂದ.

ಅಲ್ಪ ಪ್ರಮಾಣಕ್ಕೆ ಹೇಳಿ ಮಾಡಿಸಿದಂಥ ವಿಧಾನವೊಂದನ್ನು ಇಂಗ್ಲೆಂಡಿನ ಎಲೈಜಾ ಆ್ಯಕ್ಟನ್ 1845ರಲ್ಲಿ ಪ್ರಕಟವಾದ ತಮ್ಮ ಪಾಕಗ್ರಂಥದಲ್ಲಿ ಕೊಟ್ಟಿದ್ದಾರೆ. ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಕ್ರಮವೆಂದು ಆಕೆ ಅದನ್ನು ಹೆಸರಿಸುತ್ತಾರೆ. ಗೊಂಚಲಿನಿಂದ ಬಿಡಿಸಿದ, ಚೆನ್ನಾಗಿ ಮಾಗಿದ ಹಣ್ಣು ಎಷ್ಟು ತೂಕವೋ ಅಷ್ಟೇ ತೂಕದ ಪುಡಿಸಕ್ಕರೆಯನ್ನು ಬೆರಸಿ, ಜೋರಾದ ಉರಿಯ ಮೇಲೆ ಸರಿಯಾಗಿ 8 ನಿಮಿಷ, ಕೈಬಿಡದೆ ಕೆದಕುತ್ತಾ, ಮೇಲೆ ಬರುವ ನೊರೆಯನ್ನು ತೆಗೆಯುತ್ತಾ ಕುದಿಸಬೇಕು. ಒಡನೆಯೇ ಶುಭ್ರವಾದ ಜರಡಿಗೆ ಸುರಿಯಬೇಕು. ತಾನಾಗಿ ಇಳಿದ ರಸವನ್ನು ಚಿಕ್ಕ ಚಿಕ್ಕ ಭರಣಿಗಳಿಗೆ ತುಂಬಬೇಕು. ಮುಗಿಯಿತು. ರಾತ್ರಿಯಿಡೀ ಬಟ್ಟೆಯ ಚೀಲದಲ್ಲಿ ತೊಟ್ಟಿಕ್ಕಿಸುವ ತಾಪತ್ರಯವಿಲ್ಲ. ಮನೆಯ ತಕ್ಕಡಿಯೊಂದಿದ್ದರೆ ಸಾಕು. ಜರಡಿಯಲ್ಲಿ ನಿಂತ ಹಣ್ಣೂ ಹಾಳಲ್ಲ. ಸಕ್ಕರೆ ಕುಡಿದ ಅದು ಸ್ವತಃ ಒಂದು ಮುರಬ್ಬ. ಬೀಜ ಹಲ್ಲಿಗೆ ಸಿಕ್ಕುವುದನ್ನು ಸಹಿಸುವವರು ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನಬಹುದು. ಜೆಲ್ಲಿ ಮಾಡುವ ಅನೇಕ ಕ್ರಮಗಳಲ್ಲಿ ನನ್ನ ಮತ ಈ ನೂರೆಂಬತ್ತು ವರ್ಷಗಳ ಹಳೆಯ ಕ್ರಮಕ್ಕೆ.

ಕನ್ನಡಿಯಂತೆ ತಿಳಿಯಾದ ಜೆಲ್ಲಿಯೇ ಬೇಕೆಂಬ ಹಟವಿದ್ದವರು ಮಾತ್ರ ಚೀಲದ ಕ್ರಮವನ್ನು ಅನುಸರಿಸಲಿ. ಅರ್ಧ ಕಿಲೋ ಹಣ್ಣನ್ನು ಕಾಂಡಸಹಿತವಾಗಿಯೇ ಸ್ವಲ್ಪ ನೀರಿನೊಡನೆ ಮೆತ್ತಗೆ ಬೇಯಿಸಿ, ಒದ್ದೆ ಮಾಡಿ ಹಿಂಡಿದ ದಪ್ಪ ಮಸ್ಲಿನ್ನಿನಲ್ಲಿ ಕಟ್ಟಿ ತೂಗುಹಾಕಬೇಕು. ಬೇಗ ಮುಗಿಸಬೇಕೆಂದು ಹಿಂಡಿದರೆ ರಸ ಕದಡುತ್ತದೆ. ಇಳಿದ ರಸ 600 ಮಿಲಿಲೀಟರಾದರೆ ಸಕ್ಕರೆ 450 ಗ್ರಾಂ. ಅದಕ್ಕಿಂತ ಕಡಮೆಯಾದರೆ ಅದೇ ಪ್ರಮಾಣದಲ್ಲಿ. ಎರಡನ್ನೂ ಕೂಡಿಸಿ ಕುದಿಸಿ, ಉಷ್ಣಮಾಪಕವುಳ್ಳವರು 105 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಲಿ. ಇಲ್ಲದವರು ತಣ್ಣಗಿನ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ಆರಿದ ಮೇಲೆ ಬೆರಳಿನಿಂದ ತಳ್ಳಿ, ಕೆನೆಯಂತೆ ಸುಕ್ಕು ಕಟ್ಟಿದರೆ ಪಾಕ ಬಂದಿತೆಂದು ತಿಳಿಯಲಿ.

ಜೆಲ್ಲಿಗಿಂತಲೂ ಹೆಚ್ಚಿನ ಉಪಯೋಗ ಈ ಹಣ್ಣಿಗೆ ಇನ್ನೊಂದುಂಟು. ನಮ್ಮ ಮನೆಗಳಲ್ಲಿ ಒಂದು ಚಮಚ ಮೊಸರು ಒಂದು ಗಡಿಗೆ ಹಾಲಿಗೆ ಹೆಪ್ಪಾಗುವಂತೆ, ಒಂದು ಬೊಗಸೆ ಕೆಂಪು ಕರಂಟ್ ಇತರ ಹಣ್ಣುಗಳ ಒಂದು ಪಾತ್ರೆಗೆ ಹೆಪ್ಪಾಗುತ್ತದೆ. ಸ್ಟ್ರಾಬೆರಿಯ ಜಾಮು ಎಷ್ಟು ಕುದಿಸಿದರೂ ಸಡಿಲವಾಗಿಯೇ ಉಳಿದು, ಸಿಹಿಯ ಭಾರದಲ್ಲಿ ಅದರ ನಿಜವಾದ ರುಚಿ ಮುಳುಗಿಹೋಗುವುದನ್ನು ಮಾಡಿದವರು ಬಲ್ಲರು. ಕಿಲೋ ಸ್ಟ್ರಾಬೆರಿಗೆ ಕಾಲು ಕಿಲೋ ಕರಂಟಿನ ರಸವನ್ನು ಕೂಡಿಸಿದರೆ ಪೆಕ್ಟಿನ್ನೂ ಹುಳಿಯೂ ಏಕಕಾಲದಲ್ಲಿ ಒದಗಿ, ಜಾಮು ಬೇಗನೆ ನಿಲ್ಲುತ್ತದೆ, ಬಣ್ಣ ಉಜ್ಜ್ವಲವಾಗುತ್ತದೆ, ಸ್ಟ್ರಾಬೆರಿ ತನ್ನ ರುಚಿಯಲ್ಲೇ ಉಳಿಯುತ್ತದೆ. ಚೆರಿಗೂ ಹೀಗೆಯೇ, ರಾಸ್ಪ್‌ಬೆರಿಗೂ ಹೀಗೆಯೇ. ಪೊಟ್ಟಣದ ಪೆಕ್ಟಿನ್ನನ್ನು ಅಂಗಡಿಯಿಂದ ತರುವವರ ಹಿತ್ತಿಲಿನಲ್ಲಿಯೇ ಈ ಗಿಡವಿದ್ದರೆ ಅವರು ಹಣವನ್ನು ವ್ಯರ್ಥವಾಗಿ ಚೆಲ್ಲುತ್ತಿದ್ದಾರೆ. ತಾನೊಂದೇ ನಿಂತು ರಂಜಿಸುವುದಕ್ಕಿಂತ ಪರರ ಗುಣವನ್ನು ಎತ್ತಿ ತೋರಿಸುವುದರಲ್ಲಿಯೇ ಈ ಹಣ್ಣಿನ ಹಿರಿಮೆ. ಯೂರೋಪಿನ ನಾನಾ ಜನಪದಗಳು ಅದನ್ನು ಹೀಗೆಯೇ ಅರಿತು ಬಳಸಿಕೊಂಡಿವೆ.

ಇಂಗ್ಲೆಂಡಿನ ಸಮ್ಮರ್ ಪುಡ್ಡಿಂಗ್ ಎಂಬ ಭಕ್ಷ್ಯವನ್ನು ತೆಗೆದುಕೊಳ್ಳಿ. ಅಪ್ಪಟ ಮನೆಯ ತಿಂಡಿ. ಒಲೆಯ ಕೆಲಸ ಅದರಲ್ಲಿ ಮೂರು ನಿಮಿಷವೂ ಇಲ್ಲ. ಒಂದು ಬೋಗುಣಿಯ ಒಳಮೈಗೆ, ಅಂಚು ತೆಗೆದ ಹಳಸಲು ಬಿಳಿ ಬ್ರೆಡ್ಡಿನ ಹೋಳುಗಳನ್ನು ಸಂದಿಲ್ಲದಂತೆ ಹೊದಿಸಬೇಕು. ಹಳಸಲೇ ಆಗಬೇಕು, ಹೊಸ ಬ್ರೆಡ್ಡು ರಸಕ್ಕೆ ಕರಗಿ ಮುದ್ದೆಯಾಗುತ್ತದೆ. ಮೂರು ಪಾಲು ರಾಸ್ಪ್‌ಬೆರಿಗೆ ಒಂದು ಪಾಲು ಕೆಂಪು ಕರಂಟನ್ನು ಸೇರಿಸಿ, ಸಕ್ಕರೆ ಹಾಕಿ, ರಸ ಒಸರುವವರೆಗೆ ಮಾತ್ರ ಬೆಚ್ಚಗೆ ಮಾಡಿ, ಆ ಬೋಗುಣಿಗೆ ತುಂಬಿ, ಮೇಲೆ ಮತ್ತೊಂದು ಹೋಳನ್ನು ಮುಚ್ಚಿ, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೊಂದು ಭಾರವನ್ನಿಟ್ಟು ಒಂದು ರಾತ್ರಿ ತಂಪಿನಲ್ಲಿ ಇಡಬೇಕು. ಬೆಳಗ್ಗೆ ಮಗುಚಿದರೆ ಬ್ರೆಡ್ಡು ಬ್ರೆಡ್ಡಾಗಿ ಉಳಿದಿರುವುದಿಲ್ಲ. ಒಳಗೂ ಹೊರಗೂ ಒಂದೇ ಕೆಂಪು. ಬೆಣ್ಣೆ ಹಿಟ್ಟಿನ ಜಿಡ್ಡು ಪದಾರ್ಥಗಳನ್ನು ವರ್ಜಿಸಿದ್ದ ಹಿಂದಿನ ಕಾಲದ ಜಲಚಿಕಿತ್ಸಾಲಯಗಳಲ್ಲಿ ರೋಗಿಗಳಿಗೆ ಬಡಿಸುತ್ತಿದ್ದರಾದುದರಿಂದ ಇದಕ್ಕೆ ಜಲಚಿಕಿತ್ಸೆಯ ಪುಡ್ಡಿಂಗ್ ಎಂಬ ಹೆಸರೂ ಇತ್ತು. ಕರಂಟನ್ನು ಬಿಟ್ಟು ರಾಸ್ಪ್‌ಬೆರಿಯೊಂದರಿಂದಲೇ ಮಾಡಿದರೆ ಅದು ತಿನ್ನಲು ಮಧುರವೇ. ಆದರೆ ಎರಡನೆಯ ತುತ್ತಿಗೆ ನಾಲಗೆ ದಣಿಯುತ್ತದೆ. ಆ ನಾಲ್ಕನೆಯ ಒಂದು ಪಾಲಿನ ಹುಳಿಯೇ ಅದಕ್ಕೆ ಜೀವ. 150 ಗ್ರಾಂ ಕರಂಟಿದ್ದರೆ ನಾಲ್ಕಾರು ಮಂದಿಗೆ ಸಾಕಾಗುವ ಪುಡ್ಡಿಂಗ್ ಆಗುತ್ತದೆ; ಇದಕ್ಕಿಂತ ಸಾರ್ಥಕವಾದ ವಿನಿಯೋಗವನ್ನು ನಾನರಿಯೆ.

ಡೆನ್ಮಾರ್ಕಿನವರದು ಬೇರೊಂದು ದಾರಿ. ಕರಂಟ್, ರಾಸ್ಪ್‌ಬೆರಿ ಮೊದಲಾದ ಕೆಂಪು ಹಣ್ಣುಗಳನ್ನು ಬೇಯಿಸಿ, ಆಲೂಗೆಡ್ಡೆಯ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಅಂಬಲಿಯ ಹದಕ್ಕೆ ತಂದು, ಆರಿದ ಮೇಲೆ ತಣ್ಣನೆಯ ಕೆನೆಯನ್ನು ಹೊಯ್ದುಕೊಂಡು ಉಣ್ಣುತ್ತಾರೆ. ರೋಡ್‌ಗ್ರೋಡ್ ಎಂದು ನಾವು ಬರೆಯಬಹುದಾದರೂ ಡೇನರ ನಾಲಗೆಯಲ್ಲಿ ಆ ಹೆಸರು ಹೊರಡುವ ರೀತಿಯೇ ಬೇರೆ. ಪರದೇಶದ ಅತಿಥಿಗಳಿಂದ ಅದನ್ನು ಹೇಳಿಸುವುದು ಅವರ ವಿನೋದಗಳಲ್ಲೊಂದು. ಉತ್ತರ ಜರ್ಮನಿಯಲ್ಲಿಯೂ ಇದು ಮನೆಮಾತು. ಅಲ್ಲಿ ಪಿಷ್ಟಕ್ಕೆ ಬದಲಾಗಿ ಸಬ್ಬಕ್ಕಿಯನ್ನು ಹಾಕುವವರೂ ಉಂಟು. ನಮ್ಮ ಹೆಣ್ಣುಮಕ್ಕಳಿಗೆ ಸಬ್ಬಕ್ಕಿಯ ಹದವನ್ನು ಬೇರೆಯವರು ಕಲಿಸಬೇಕಾಗಿಲ್ಲವಾದುದರಿಂದ, ಆ ದೇಶದಲ್ಲಿರುವವರು ಮೊದಲು ಕೈಹಚ್ಚಬೇಕಾದುದು ಇದಕ್ಕೇ. ಹಾಲನ್ನು ಮಾತ್ರ ಒಲೆಯ ಮೇಲೆ ಬೆರಸಬಾರದು; ಹುಳಿಗೆ ಒಡೆದೀತು.

ಆಸ್ಟ್ರಿಯದ ಲಿಂಜ್ ಪಟ್ಟಣದ ಹೆಸರಿನ ಲಿಂಜರ್ ಟೋರ್ಟೆ ಎಂಬ ಕೇಕಿನ ಪಾಕವಿಧಾನ ಅಡ್ಮಾಂಟ್ ಮಠದ ಪುಸ್ತಕಭಂಡಾರದಲ್ಲಿ 1653ರ ಹಸ್ತಪ್ರತಿಯೊಂದರಲ್ಲಿ ಸಿಕ್ಕಿದೆ. ಬಾದಾಮಿ ಅಥವಾ ಹೇಜಲ್ ಬೀಜದ ಪುಡಿಯನ್ನು ಬೆರಸಿ ಕಲಸಿದ ಹಿಟ್ಟಿನ ಮೇಲೆ ಈಗ ಸಂಪ್ರದಾಯವಾಗಿ ಸವರುವುದು ಕೆಂಪು ಕರಂಟಿನ ಜಾಮನ್ನು. ಅದರ ಮೇಲೆ ಹಿಟ್ಟಿನ ಎಳೆಗಳನ್ನು ಜಾಲರಿಯಂತೆ ಹೆಣೆದು ಬೇಯಿಸುತ್ತಾರೆ. ಒಂದು ಕೇಕಿಗೆ ಒಂದು ಚಿಕ್ಕ ಶೀಸೆ ಸಾಲುತ್ತದೆ. ಜರ್ಮನರು ಬೇಸಗೆಯ ಹಣ್ಣುಗಳನ್ನೆಲ್ಲ ಮಾಗಿದ ಕ್ರಮದಲ್ಲಿ ಒಂದರ ಮೇಲೊಂದಾಗಿ ಜಾಡಿಯಲ್ಲಿ ರಮ್ಮು ಸಕ್ಕರೆಗಳೊಡನೆ ಮುಳುಗಿಸಿಟ್ಟು ಚಳಿಗಾಲದಲ್ಲಿ ತೆರೆಯುವುದೂ ಉಂಟು. ಮದ್ಯ ನಿಷಿದ್ಧವಲ್ಲದ ಮನೆಗಳಿಗೆ ಅದು ಸಲ್ಲುವುದು.

ಅಲ್ಪ ಫಲವನ್ನು ಅಮೂಲ್ಯವಾಗಿಸಿದ ಒಂದು ಊರಿನ ಕಥೆಯನ್ನು ಇಲ್ಲಿ ಹೇಳದಿರಲಾರೆ. ಫ್ರಾನ್ಸಿನ ಲೊರೇನ್ ಪ್ರಾಂತದ ಬಾರ್-ಲ-ದ್ಯುಕ್ ಎಂಬ ಪಟ್ಟಣದಲ್ಲಿ ಕೆಂಪು ಮತ್ತು ಬಿಳಿ ಕರಂಟಿನಿಂದ ಮಾಡುವ ಒಂದು ಮುರಬ್ಬ 1344ರಿಂದಲೂ ದಾಖಲೆಯಲ್ಲಿದೆ. ಅಲ್ಲಿ ಹೆಂಗಸರು ಹೆಬ್ಬಾತಿನ ಗರಿಯ ತುದಿಯನ್ನು ಓರೆಯಾಗಿ ಕೊಯ್ದು ಹರಿತಗೊಳಿಸಿ, ಒಂದೊಂದೇ ಹಣ್ಣನ್ನು ಕೈಗೆತ್ತಿಕೊಂಡು, ಮೈ ಹರಿಯದಂತೆ ಒಳಗಿನ ಬೀಜಗಳನ್ನು ಹೊರಕ್ಕೆ ತೆಗೆದು, ಹಣ್ಣನ್ನು ಇಡಿಯಾಗಿಯೇ ಉಳಿಸುತ್ತಾರೆ. ಹೀಗೆ ನಿರ್ಬೀಜವಾದ ಹಣ್ಣನ್ನು ಸಕ್ಕರೆಪಾಕದಲ್ಲಿ ಕ್ಷಣಕಾಲ ಕುದಿಸಿ, ಅಂಗೈಯಗಲದ ಗಾಜಿನ ಲೋಟಗಳಲ್ಲಿ ತುಂಬುತ್ತಾರೆ. 85 ಗ್ರಾಮಿನ ಒಂದು ಲೋಟದಲ್ಲಿ ಸುಮಾರು 200 ಹಣ್ಣುಗಳಿರುತ್ತವೆ. ಯಂತ್ರಗಳ ಈ ಯುಗದಲ್ಲಿಯೂ ಗರಿಯ ಕೆಲಸ ಅಲ್ಲಿ ನಿಂತಿಲ್ಲ. ಮನೆಯಲ್ಲಿ ಅದನ್ನು ಅನುಕರಿಸಿರೆಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಬ್ಬ ಅಜ್ಜಿಯೂ ಒಬ್ಬ ಮೊಮ್ಮಗಳೂ ಇದ್ದು, ಮಧ್ಯಾಹ್ನವೊಂದು ಬಿಡುವಾಗಿದ್ದರೆ, ಐವತ್ತು ಹಣ್ಣಿನ ಮೇಲೆ ಕೈಯಾಡಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಒಲೆಯ ಸಂಪರ್ಕವೇ ಇಲ್ಲದ ಉಪಯೋಗಗಳೂ ಇವೆ. ಸ್ವೀಡನ್ನಿನ ಮನೆಗಳಲ್ಲಿ ಹಸಿಯ ಹಣ್ಣಿಗೆ ಸಕ್ಕರೆಯನ್ನು ಹಾಕಿ, ಅದು ಪೂರ್ತಿಯಾಗಿ ಕರಗುವವರೆಗೆ ಆಗಾಗ ಕೈಯಾಡಿಸುತ್ತಾ ಇಟ್ಟು, ಬೇಯಿಸದೆಯೇ ತಂಪಿನಲ್ಲಿ ಶೇಖರಿಸುತ್ತಾರೆ. ಹಸಿಯ ಹಣ್ಣಿನ ಪರಿಮಳವೂ ಜೀವಸತ್ವವೂ ಅದರಲ್ಲಿ ಉಳಿಯುತ್ತವೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 40 ಮಿಲಿಗ್ರಾಂ ಸಿ ಜೀವಸತ್ವವಿದೆ. ಇಷ್ಟು ಮಾಡುವುದಕ್ಕೂ ಸಮಯವಿಲ್ಲದವರು ಗೊಂಚಲುಗಳನ್ನು ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರವಿ ಫ್ರೀಜರಿನಲ್ಲಿ ಗಟ್ಟಿಮಾಡಿ, ಆಮೇಲೆ ಡಬ್ಬಿಗೆ ತುಂಬಿಡಲಿ. ಹೆಪ್ಪುಗಟ್ಟಿದ ಗೊಂಚಲಿನಿಂದ ಕಾಳು ಬೆರಳು ತಗುಲಿದರೆ ಸಾಕು, ಉದುರುತ್ತದೆ. ಒಂದೇ ಪೊದೆಯುಳ್ಳವರಿಗೆ ಇದರಿಂದ ಇನ್ನೊಂದು ಸೌಕರ್ಯ: ಈ ವಾರ ಮಾಗಿದ ನಾಲ್ಕು ಗೊಂಚಲು, ಬರುವ ವಾರ ಮಾಗುವ ಆರು ಗೊಂಚಲು ಎಂದು ಕೂಡಿಡುತ್ತಾ ಹೋಗಿ, ಕೆಲಸಕ್ಕೆ ಬರುವಷ್ಟಾದಾಗ ಒಮ್ಮೆಗೇ ಒಲೆ ಹಚ್ಚಬಹುದು. ಹೀಗೆ ಶೈತ್ಯದಲ್ಲಿಟ್ಟುದರಿಂದ ಜೆಲ್ಲಿ ಕಟ್ಟುವ ಗುಣ ಗಣನೀಯವಾಗಿ ಕೆಡುವುದಿಲ್ಲ.

ಈಗ ನಮ್ಮ ಅಡಿಗೆಯ ಕಡೆಗೆ ಬರೋಣ. ಹುಳಿಹಣ್ಣನ್ನು ಕಂಡರೆ ಕನ್ನಡಿಗರ ಮನಸ್ಸು ಸಕ್ಕರೆಯ ಕಡೆಗೆ ಮಾತ್ರವಲ್ಲ, ಉಪ್ಪು ಖಾರಗಳ ಕಡೆಗೂ ಓಡುತ್ತದೆ, ಅದು ಯೋಗ್ಯವೇ. ಮಾವಿನಕಾಯಿಗೂ ಅನಾನಸಿಗೂ ನಾವು ಮಾಡುವ ಗೊಜ್ಜು ಕೆಂಪು ಕರಂಟಿಗೆ ಅತ್ಯಂತ ಸೊಗಸಾಗಿ ಒಪ್ಪುತ್ತದೆ. ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಮೆಂತ್ಯ, ಇಂಗು, ಒಣಮೆಣಸಿನಕಾಯಿ, ಕರಿಬೇವು ಹಾಕಿ, ಒಂದು ಬಟ್ಟಲು ಹಣ್ಣನ್ನು ಅದರಲ್ಲಿ ಬಾಡಿಸಿ, ಹಣ್ಣು ಒಡೆದೊಡನೆ ಬೆಲ್ಲ, ಉಪ್ಪು, ಅರಸಿನ, ಹುರಿದು ಪುಡಿಮಾಡಿದ ಎಳ್ಳನ್ನು ಸೇರಿಸಬೇಕು. ಇಲ್ಲಿ ಎಚ್ಚರವೊಂದಿದೆ: ಹುಣಸೆಹುಳಿಯ ಗೊಜ್ಜನ್ನು ಇಳಿಸುವ ಹದಕ್ಕೆ ಇದನ್ನು ಕಾಯಿಸಿದರೆ, ಆರಿದ ಮೇಲೆ ಇದು ಚಮಚಕ್ಕೆ ಬಾರದಷ್ಟು ಗಟ್ಟಿಯಾಗುತ್ತದೆ, ಬೆಲ್ಲವೂ ಹುಳಿಯೂ ಕೂಡಿದ ಮೇಲೆ ಪೆಕ್ಟಿನ್ ಗೊಜ್ಜಿನಲ್ಲಿಯೂ ತನ್ನ ಕೆಲಸವನ್ನು ಮಾಡದೆ ಬಿಡುವುದಿಲ್ಲ. ಆದುದರಿಂದ ನೀರಾಗಿರುವಾಗಲೇ ಇಳಿಸಬೇಕು. ಬೀಜ ಬೇಡವಾದವರು ಹಣ್ಣನ್ನು ಮೊದಲೇ ಬೇಯಿಸಿ ಜರಡಿಯಲ್ಲಿ ಉಜ್ಜಿಕೊಳ್ಳಲಿ. ಆ ತಿಳಿಯನ್ನೇ ತೊಗರಿಬೇಳೆಯ ಕಟ್ಟಿನ ಸಾರಿಗೆ, ಒಲೆಯಿಂದ ಇಳಿಸಿದ ಮೇಲೆ, ನಿಂಬೆಯ ರಸವನ್ನು ಹಿಂಡುವ ಜಾಗದಲ್ಲಿ ಸೇರಿಸಬಹುದು. ಏಲಕ್ಕಿ ಹಾಕಿ ಪಾನಕವನ್ನೂ ಮಾಡಬಹುದು.

ಕೌತುಕದ ಸಂಗತಿಯೆಂದರೆ, ಈ ವಿನಿಮಯ ಹಿಂದೆ ವಿಪರೀತ ದಿಕ್ಕಿನಲ್ಲಿಯೂ ನಡೆದಿತ್ತು. ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಭಾರತದಲ್ಲಿದ್ದ ಅವರ ಸಂಸಾರಗಳು, ಕುರಿಮಾಂಸದ ಜೊತೆಗೆ ತಮ್ಮ ದೇಶದ ಕೆಂಪು ಕರಂಟ್ ಜೆಲ್ಲಿ ಸಿಕ್ಕದೆ, ಅದಕ್ಕೆ ಪ್ರತಿಯಾಗಿ ನಮ್ಮ ಮುಳ್ಳುಬೇಲಿಗಳಲ್ಲಿ ಬೆಳೆಯುವ ಕವಳೆಯ ಹಣ್ಣಿನಿಂದ ಜೆಲ್ಲಿಯನ್ನು ಮಾಡಿಸಿಕೊಂಡರು. ತುಳುನಾಡಿನವರು ಕರಂಡೆಯೆನ್ನುವ, ಉಪ್ಪುನೀರಿನಲ್ಲಿಟ್ಟು ಉಪ್ಪಿನಕಾಯಿ ಹಾಕುವ ಕಾಯಿಯೇ ಇದು. ಕವಳೆಯಲ್ಲಿಯೂ ಹುಳಿಯೂ ಪೆಕ್ಟಿನ್ನೂ ಸಮೃದ್ಧವಾಗಿರುವುದರಿಂದ ಅವರ ಆಯ್ಕೆ ಯುಕ್ತವಾಗಿಯೇ ಇತ್ತು. ಕೆಂಪು ಕರಂಟನ್ನು ಕಣ್ಣಾರೆ ಕಾಣುವ ಯೋಗವಿಲ್ಲದೆ ಈ ಭಾಷಣವನ್ನು ಕೇಳುತ್ತಿರುವ ಮಲೆನಾಡಿನ, ಕರಾವಳಿಯ ಗೃಹಿಣಿಯರು, ಪೂರ್ತಿಯಾಗಿ ಕಪ್ಪಾಗದ, ಕೆಂಪು ತಿರುಗಿದ ಕವಳೆಯನ್ನು ಆಯ್ದು, ಚೆನ್ನಾಗಿ ತೊಳೆದು ಹಾಲನ್ನು ಹೋಗಲಾಡಿಸಿ, ನಾನು ಮೇಲೆ ವಿವರಿಸಿದ ಚೀಲದ ಕ್ರಮದಲ್ಲಿ ಜೆಲ್ಲಿ ಮಾಡಿ ನೋಡಬಹುದು.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಮೆಗ್‌ಳ ಹಿತ್ತಿಲಿನಲ್ಲಿ ಸಾಮಾನ್ಯವಾಗಿದ್ದ ಈ ಗಿಡ ಆ ದೇಶದಲ್ಲಿ ಈಗ ಅಪರೂಪವಾದುದಕ್ಕೆ ಕಾರಣ ಒಂದು ಶಿಲೀಂಧ್ರರೋಗ. ಬಿಳಿ ಪೈನ್ ಮರವನ್ನು ಕೊಲ್ಲುವ ಆ ರೋಗ ತನ್ನ ಆಯುಸ್ಸಿನ ಅರ್ಧವನ್ನು ಕರಂಟಿನ ಜಾತಿಯ ಗಿಡಗಳ ಮೇಲೆ ಕಳೆಯುವುದರಿಂದ, ಕಳೆದ ಶತಮಾನದ ಆದಿಭಾಗದಲ್ಲಿ ಅಲ್ಲಿನ ಸರಕಾರ ಕರಂಟಿನ ಬೇಸಾಯವನ್ನೇ ನಿಷೇಧಿಸಿತು. ಕೇಂದ್ರದ ನಿಷೇಧ 1966ರಲ್ಲಿ ರದ್ದಾದರೂ ಕೆಲವು ಸಂಸ್ಥಾನಗಳಲ್ಲಿ ನಿರ್ಬಂಧ ಇಂದಿಗೂ ಉಂಟು. ಗಿಡ ನೆಡುವ ಮೊದಲು ಅಲ್ಲಿನ ಕೃಷಿ ಇಲಾಖೆಯನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಇನ್ನು ಉಳಿದಿರುವುದು ಜೆಲ್ಲಿಯ ರಸವಿಳಿದ ಮೇಲೆ ಚೀಲದಲ್ಲಿ ನಿಂತ ಹಿಪ್ಪೆ. ಅದನ್ನು ಎಸೆಯಬೇಡಿ. ಮುಳುಗುವಷ್ಟೇ ನೀರು ಹಾಕಿ ಕಾಲು ಗಂಟೆ ಮತ್ತೊಮ್ಮೆ ಕುದಿಸಿ ತೊಟ್ಟಿಕ್ಕಿಸಿದರೆ ಎರಡನೆಯ ರಸ ಬರುತ್ತದೆ. ಬಣ್ಣ ತುಸು ಮಂದ, ಆದರೆ ಪೆಕ್ಟಿನ್ ಅದರಲ್ಲಿಯೂ ಇರುತ್ತದೆ. ಮೊದಲನೆಯ ರಸದೊಡನೆ ಅದನ್ನು ಕೂಡಿಸಿಯೇ ಸಕ್ಕರೆಯನ್ನು ಅಳೆಯಬಹುದು, ಅಥವಾ ಮುಂದಿನ ವಾರದ ಚೆರಿ ಜಾಮಿಗೆಂದು ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದು. ಅದಾದ ಮೇಲೂ ಉಳಿದ ಹಿಪ್ಪೆಯನ್ನು ಗಾಜಿನ ಜಾಡಿಯಲ್ಲಿ ಹಾಕಿ, ಬಿಳಿಯ ವಿನಿಗರನ್ನು ತುಂಬಿ, ಒಂದು ವಾರ ಮುಚ್ಚಿಟ್ಟು ಸೋಸಿದರೆ, ಸೌತೆಕಾಯಿ ಈರುಳ್ಳಿಗಳ ಕೋಸಂಬರಿಗೆ ನಿಂಬೆಯಿಲ್ಲದ ದಿನ ಅದು ಒದಗುತ್ತದೆ.